ಪರದೆಯ ಮುಂದಿನ ನಗೆ

ಗೋವೆಯ ಕೊಂಕಣಿ ನಾಟಕಕ್ಕೆ ತಿಯಾತ್ರ್ ಎಂದು ಹೆಸರು. ಮೊದಲನೆಯದಾದ ‘ಇಟಾಲಿಯನ್ ಭುರ್ಗೊ’ 1892ರ ಏಪ್ರಿಲ್ 17ರಂದು ರಂಗಕ್ಕೆ ಬಂದದ್ದು ಗೋವೆಯಲ್ಲಲ್ಲ, ಮುಂಬಯಿಯಲ್ಲಿ. ಹೊಟ್ಟೆಪಾಡಿಗೆ ಊರು ಬಿಟ್ಟವರ ನಡುವೆ.

ಈ ಪರಂಪರೆಯ ಹಾಸ್ಯದ ದೊಡ್ಡ ಹೆಸರು ಎಂ. ಬೋಯರ್. 1930ರಲ್ಲಿ ಸಾಲ್ಸೆಟ್ ತಾಲೂಕಿನ ರಾಯಾದಲ್ಲಿ ಹುಟ್ಟಿದವರು. ತಾವೇ ಬರೆದು, ಆಡಿಸಿ, ಹಾಡಿ, ನಗಿಸಿದವರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂತು. ಅವರನ್ನು ರಂಗದ ಮೇಲೆ ಕಾಣುವ ಭಾಗ್ಯ ನನಗೆ ಒದಗಲಿಲ್ಲ, ಧ್ವನಿಮುದ್ರಿಕೆಗಳಿಂದಷ್ಟೇ ಬಲ್ಲೆ. ಅವರದೊಂದು ತಿಯಾತ್ರಿನ ಹೆಸರು ‘ಸಂವ್ಸಾರ್ ಸುಧಾರ್ಲೊ’, ಅಂದರೆ ಲೋಕ ಸುಧಾರಿಸಿತು. ಹೆಸರಲ್ಲೇ ಕೊಂಕು ಇದೆ.

ಒಂದು ಅಂಕ ಮುಗಿದು ಪರದೆ ಬಿದ್ದಾಗ ಅದರ ಮುಂದೆ ನಿಂತು ಹಾಡುವುದು ಕಾಂತಾರ್. ಕಥೆಗೂ ಅದಕ್ಕೂ ಸಂಬಂಧವಿರಬೇಕೆಂದಿಲ್ಲ. ಮಂತ್ರಿ, ಪಾದ್ರಿ, ಸೊಸೆ, ಕುಡುಕ, ಸಾವು, ಯಾವುದೂ ನಿಷಿದ್ಧವಲ್ಲ. ನಮ್ಮ ಯಕ್ಷಗಾನದ ಹಾಸ್ಯಗಾರನಿಗೆ ಇಷ್ಟು ಸಲುಗೆಯಿಲ್ಲ. ಅವನು ಪ್ರಸಂಗದೊಳಗೇ ಇದ್ದು ನಗಿಸಬೇಕು. ಆದರೆ ಪೆರುವಡಿ ನಾರಾಯಣ ಭಟ್ಟರ ಪಾಪಣ್ಣ ನಗಿಸುತ್ತಲೇ ಕರುಳು ಹಿಂಡುತ್ತಿದ್ದುದು ಆ ಕಟ್ಟಿನಿಂದಲೇ ಎಂದು ನನ್ನ ಎಣಿಕೆ. ಕಾಂತಾರ್ ಕಚಗುಳಿಯಿಟ್ಟು, ಕೊನೆಯ ನುಡಿಯಲ್ಲಿ ಬುದ್ಧಿ ಹೇಳಿಬಿಡುತ್ತದೆ. ಅಲ್ಲಿ ನಗೆ ಸೋಲುತ್ತದೆ.

ಆದರೂ ಈ ರಂಗಭೂಮಿಯನ್ನು ಕಂಡು ನನಗೆ ಹೊಟ್ಟೆಕಿಚ್ಚು. ಅದು ಟಿಕೇಟಿನ ಹಣದಿಂದಲೇ ಬದುಕಿದೆ. 1967ರ ಜನವರಿ 16ರ ಜನಮತಗಣನೆಯಲ್ಲಿ ಮಹಾರಾಷ್ಟ್ರದೊಡನೆ ವಿಲೀನ ಬೇಡವೆಂದವರು 1,72,191 ಮಂದಿ, ಬೇಕೆಂದವರು 1,38,170. ಆ ಪ್ರಚಾರದಲ್ಲಿ ತಿಯಾತ್ರಿನವರ ಹಾಡಿಗೂ ಪಾಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಮ್ಮನ್ನು ಯಾರೂ ಹೀಗೆ ಕೇಳಲಿಲ್ಲ. ನಾವು ಮನವಿ ಬರೆದೆವು, ಸತ್ಯಾಗ್ರಹ ಮಾಡಿದೆವು. ನಗುವುದನ್ನು ಮಾತ್ರ ಮರೆತೆವೇನೋ.

ಒಮ್ಮೆ ಮಡಗಾಂವಿಯಲ್ಲಿ ಒಂದು ತಿಯಾತ್ರಿಗೆ ಹೋಗಿದ್ದೆವು. (ಬೋಯರರದಲ್ಲ.) ‘ಘಾಂಟಿ’ಯ ಪಾತ್ರ ಬಂತು; ಘಟ್ಟದ ಮೇಲಿನಿಂದ ಬಂದ ಕೂಲಿಯವನು, ಹೆಚ್ಚಾಗಿ ನಮ್ಮವನೇ. ಅವನ ಹರಕು ಕೊಂಕಣಿಗೆ ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ನೆನಪಾಯಿತು: ನಮ್ಮ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಮಲಯಾಳ ಬೆರೆಸಿ ಕನ್ನಡ ಆಡುವ ಹೋಟೆಲಿನವನು ಬಂದೊಡನೆ ನಾವು ಹೀಗೆಯೇ ಬೆಂಚು ಬಡಿಯುತ್ತಿದ್ದೆವು.

ಪಕ್ಕದಲ್ಲಿದ್ದ ನನ್ನವಳಿಗೆ ಕೊಂಕಣಿ ಬಾರದು. “ಏನಂತೆ?” ಎಂದಳು. ನಾನು ಬೇರೇನೋ ಹೇಳಿದೆ.