ಇಗರ್ಜಿಯ ಸುತ್ತ ಬೆಳೆದ ಕತೆಗಳು

ಸಕಲೇಶಪುರ, ಆಲೂರಿನ ಕಾಫಿ ಸೀಮೆಯಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತ ಕುಟುಂಬಗಳಿವೆ. ಮನೆಯೊಳಗೆ ಕೊಂಕಣಿ, ಸಂತೆಯಲ್ಲಿ ಕನ್ನಡ. ಮಲೆನಾಡಿನ ಇಂಥ ಬದುಕನ್ನು ಕನ್ನಡ ಕಾದಂಬರಿಗೆ ತಂದವರಲ್ಲಿ ಸಾಗರದ ನಾ. ಡಿಸೋಜ ಅಗ್ರಗಣ್ಯರು.

ಕ್ರೈಸ್ತ ಕಥನ ಕನ್ನಡಕ್ಕೆ ಹೊಸದಲ್ಲ. ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾಯಿತು. ಜಾನ್ ಬನ್ಯನ್ ಬರೆದ ಯಾತ್ರಿಕನ ಕಥೆಯೂ 19ನೇ ಶತಮಾನದಲ್ಲೇ ಕನ್ನಡಕ್ಕೆ ಬಂತು. ಆದರೆ ಅದರ ಗುರಿ ಬೋಧನೆ. ಡಿಸೋಜರ ದಾರಿಯೇ ಬೇರೆ.

ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಹೆಸರಲ್ಲೇ ಎಲ್ಲವನ್ನೂ ಹೇಳುತ್ತದೆ: ನಡುವೆ ಚರ್ಚು ಎಂಬ ದೇವರ ಮನೆ, ಸುತ್ತ ಮನುಷ್ಯರ ಮನೆಗಳು. ಭಕ್ತಿ ಅಲ್ಲಿ ಉಪದೇಶವಾಗದೆ ಬದುಕಿನ ಭಾಗವಾಗಿದೆ. ಮತಾಂತರಕ್ಕೆ ಕರೆಯುವ ಪುಸ್ತಕಕ್ಕಿಂತ ನೆರೆಮನೆಯವರನ್ನು ಪರಿಚಯಿಸುವ ಇಂಥ ಪುಸ್ತಕ ದೊಡ್ಡದು.

ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು ಅವರು. ಅವರ ‘ದ್ವೀಪ’ ಕಾದಂಬರಿಯ ಕುಟುಂಬ ಕ್ರೈಸ್ತರದ್ದಲ್ಲ, ಆದರೂ ಅಣೆಕಟ್ಟೆಯ ನೀರಿನಲ್ಲಿ ಮುಳುಗುವ ಮನೆಯ ಮೇಲಿನ ಮಮತೆ ಅದೇ. ಗಿರೀಶ ಕಾಸರವಳ್ಳಿ ಅದನ್ನು 2002ರಲ್ಲಿ ಸಿನಿಮಾ ಮಾಡಿದರು. ಹೇಮಾವತಿ ದಂಡೆಯ ಓದುಗರಿಗೆ ಈ ನೋವು ವಿವರಿಸಬೇಕಿಲ್ಲ. ಗೊರೂರಿನ ಅಣೆಕಟ್ಟೆ ಕಟ್ಟಿದ ಮೇಲೆ ಶೆಟ್ಟಿಹಳ್ಳಿಯ ಹಳೆಯ ರೋಸರಿ ಚರ್ಚು ಮಳೆಗಾಲದಲ್ಲಿ ಹಿನ್ನೀರಿನಲ್ಲಿ ನಿಲ್ಲುತ್ತದೆ. ಪ್ರವಾಸಿಗರು ಅದರ ಚಿತ್ರ ತೆಗೆಯುತ್ತಾರೆ. ಅಲ್ಲಿ ಜಪಮಾಲೆ ಹಿಡಿದು ಕೂತಿದ್ದವರ ಕತೆಯನ್ನು ಬರೆಯುವುದು ಕಾದಂಬರಿಕಾರರ ಕೆಲಸ.

2014ರಲ್ಲಿ ಮಡಿಕೇರಿಯಲ್ಲಿ ನಡೆದ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜರೇ ಅಧ್ಯಕ್ಷರು. ಕೊಂಕಣಿ ಮಾತೃಭಾಷೆಯ ಈ ಲೇಖಕರು 2025ರ ಜನವರಿಯಲ್ಲಿ ತೀರಿಕೊಂಡರು. ಹೊಸ ಓದುಗರು ‘ದ್ವೀಪ’ದಿಂದ ಆರಂಭಿಸಿ, ಆಮೇಲೆ ಇಗರ್ಜಿಯ ಹತ್ತು ಮನೆಗಳಿಗೆ ಹೋಗಬಹುದು.