‘ಅನುಕರಣ’ ಶಬ್ದದ ಅರ್ಥವಿಚಾರ

ಗ್ರಂಥವಿಮರ್ಶೆಗಳಲ್ಲಿ ‘ಇದು ಬರಿಯ ಅನುಕರಣ’ ಎಂಬೊಂದು ವಾಕ್ಯದಿಂದಲೇ ಕೃತಿಯ ತೀರ್ಪು ಮುಗಿದುಹೋಗುವುದುಂಟು. ಕವಿಯು ಯಾರನ್ನು, ಯಾವ ಅಂಶದಲ್ಲಿ, ಎಷ್ಟರ ಮಟ್ಟಿಗೆ ಅನುಕರಿಸಿದನೆಂಬುದನ್ನು ವಿಮರ್ಶಕನು ಹೇಳುವುದಿಲ್ಲ. ವಾಚಕನು ಕೇಳುವುದೂ ಇಲ್ಲ. ಶಾಸ್ತ್ರದಲ್ಲಿ ಗೌರವದ ಸ್ಥಾನವುಳ್ಳ ಶಬ್ದವೊಂದು ಹೀಗೆ ಬೈಗುಳಾಗಿ ಪರಿಣಮಿಸಿರುವುದರಿಂದ ಅದರ ಅರ್ಥವನ್ನು ಮೊದಲಿನಿಂದ ವಿಚಾರಿಸುವುದು ಯುಕ್ತವಾಗಿದೆ.

ಒಬ್ಬನು ಮಾಡಿದುದನ್ನು ನೋಡಿ ಅದರಂತೆ ಮಾಡುವುದೇ ಅನುಕರಣ. ಈ ಅರ್ಥದಲ್ಲಿ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಧಗಧಗ, ಚಟಚಟ, ಸರಸರ ಮೊದಲಾದವನ್ನು ಅನುಕರಣಾವ್ಯಯಗಳೆಂದು ಕರೆಯುವ ವೈಯಾಕರಣರು ಅವುಗಳನ್ನು ಹೀಗಳೆಯುವುದಿಲ್ಲವಷ್ಟೆ. ಭರತಮುನಿಯು ನಾಟ್ಯವನ್ನು ಲೋಕವೃತ್ತದ ಅನುಕರಣವೆಂದೇ ನಿರೂಪಿಸಿದ್ದಾನೆ. ಹಾಸಕ್ಕೆ ಕಾರಣಗಳನ್ನು ಹೇಳುವಲ್ಲಿ ಆತನೇ ಪರರ ಚೇಷ್ಟೆಗಳ ಅನುಕರಣವನ್ನೂ ಎಣಿಸಿದ್ದಾನೆ. ಈ ಎರಡನೆಯದಕ್ಕೆ ಕನ್ನಡದಲ್ಲಿ ‘ಅಣಕ’ ಎಂಬ ಬೇರೆ ಮಾತೇ ಉಂಟು. ಕುಂಟನ ನಡಿಗೆಯನ್ನು ನಡೆದು ತೋರಿಸಿ ನಗುವುದು ಅಣಕ. ಗುರುವಿನ ಉಚ್ಚಾರಣೆಯನ್ನು ಕೇಳಿ ಶಿಷ್ಯನು ಹಾಗೆಯೇ ಉಚ್ಚರಿಸುವುದು ಅನುಕರಣ. ಕ್ರಿಯೆ ಒಂದೇ ಆದರೂ ಉದ್ದೇಶವು ಭಿನ್ನ. ಇಂದಿನ ಪ್ರಯೋಗದಲ್ಲಿ ಅಣಕದ ಹಗುರತನವೆಲ್ಲವೂ ಅನುಕರಣದ ತಲೆಗೆ ಕಟ್ಟಲ್ಪಟ್ಟಿದೆ.

ಅನುಕರಣಕ್ಕೆ ಮಿತಿಯುಂಟೆಂಬುದನ್ನು ಪ್ರಾಚೀನರು ಬಲ್ಲರು. ನಟನು ರಾಮನನ್ನು ಅನುಕರಿಸುತ್ತಾನೆಂಬ ಶಂಕುಕನ ಮತವನ್ನು ಅಭಿನವಗುಪ್ತನ ಗುರುವಾದ ಭಟ್ಟತೌತನು ಖಂಡಿಸಿದನು. ರಾಮನನ್ನು ಕಂಡವರಾರು? ವೇಷವನ್ನೂ ಅಂಗಚೇಷ್ಟೆಯನ್ನೂ ಅನುಕರಿಸಬಹುದು. ಕಾಣದ ಚಿತ್ತವೃತ್ತಿಯನ್ನು ಅನುಕರಿಸುವುದೆಂತು? ಹೊರಗಿನದು ಅನುಕರಣಕ್ಕೆ ಸಿಕ್ಕುವುದು, ಒಳಗಿನದು ಸಿಕ್ಕದು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಕವಿಗಳೊಳಗಿನ ಸಾದೃಶ್ಯವನ್ನು ಧ್ವನ್ಯಾಲೋಕದಲ್ಲಿ ಆನಂದವರ್ಧನನು ಮೂರಾಗಿ ವಿಂಗಡಿಸಿದ್ದಾನೆ: ಕನ್ನಡಿಯ ಪ್ರತಿಬಿಂಬದಂತಿರುವುದು, ಚಿತ್ರದಂತಿರುವುದು, ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೋಲುವಂತಿರುವುದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ, ಎರಡನೆಯದರ ಆತ್ಮವು ತುಚ್ಛ, ಇವೆರಡೂ ತ್ಯಾಜ್ಯ. ಮೂರನೆಯದಕ್ಕೆ ತನ್ನದೇ ಆದ ಜೀವವಿರುವುದರಿಂದ ಅದನ್ನು ಬಿಡಬೇಕಾಗಿಲ್ಲ. ರೂಪ ಹೋಲಿದ ಮಾತ್ರಕ್ಕೆ ತಮ್ಮನನ್ನು ಅಣ್ಣನ ನೆರಳೆನ್ನುವವರುಂಟೆ?

ಈ ಒರೆಗಲ್ಲಿಗೆ ರನ್ನನ ಗದಾಯುದ್ಧವು ಉತ್ತಮ ಉದಾಹರಣೆ. ಪಂಪನು 941ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದ ಹದಿಮೂರನೆಯ ಆಶ್ವಾಸವೇ ಅದರ ಬೀಜ. ಭಟ್ಟನಾರಾಯಣನ ವೇಣೀಸಂಹಾರದ ಋಣವೂ ಅಲ್ಲಿ ಉಂಟು. ಆದರೂ ರಣರಂಗದಲ್ಲಿ ಅಲೆಯುವ ದುರ್ಯೋಧನನು ಶತ್ರುಪುತ್ರನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಶೌರ್ಯವನ್ನು ಕೊಂಡಾಡುವ ಸನ್ನಿವೇಶವನ್ನು ಓದಿದವನಿಗೆ ಆ ಎದೆಯು ರನ್ನನದೆಂದು ಬೇರೆ ಹೇಳಬೇಕಾಗಿಲ್ಲ.

ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲೀಸನ ಅಯಾಸ್ ನಾಟಕವನ್ನು ಅನುಸರಿಸಿ ಬರೆದ ‘ಅಶ್ವತ್ಥಾಮನ್’ (1929) ಇನ್ನೂ ಕಠಿನವಾದ ಪರೀಕ್ಷೆ. ಗ್ರೀಕ್ ವೀರನ ಅಭಿಮಾನಭಂಗವು ದ್ರೋಣಪುತ್ರನಿಗೆ ಒಪ್ಪುತ್ತದೆ. ಹಳಗನ್ನಡದ ಗಾಂಭೀರ್ಯವು ಅದಕ್ಕೆ ತಕ್ಕ ಶರೀರವನ್ನು ಕೊಟ್ಟಿದೆ. ಆದರೆ ಮೂಲವನ್ನು ಹಿಂಬಾಲಿಸುವ ಹಟದಲ್ಲಿ, ಚಿರಂಜೀವಿಯೆಂದು ಪ್ರಸಿದ್ಧನಾದವನು ಇಲ್ಲಿ ಪ್ರಾಣಬಿಡುತ್ತಾನೆ. ಅನುಕರಣವೆಂಬ ಆಕ್ಷೇಪಕ್ಕೆ ಎಡೆಯಿದ್ದರೆ ಈ ಒಂದೆಡೆಯಲ್ಲಿ ಮಾತ್ರ. ಕೃತಿಯೆಲ್ಲಕ್ಕೂ ಅದನ್ನು ಹಚ್ಚುವುದು ಅನ್ಯಾಯ.

ಇತ್ತ ಪ್ರತಿಬಿಂಬವನ್ನೇ ಮುಂದಿಟ್ಟು ‘ಪ್ರೇರಣೆ’ ಎಂದು ಹೆಸರಿಡುವ ಲೇಖಕರೂ ಇಲ್ಲದಿಲ್ಲ. ಕಳವನ್ನು ಪ್ರೇರಣೆಯೆನ್ನುವುದೂ ಕಲಿಕೆಯನ್ನು ಕಳವೆನ್ನುವುದೂ ಒಂದೇ ಬಗೆಯ ಅಸತ್ಯ. ಎಳೆಯ ಕವಿಯು ಹಿರಿಯರ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟೇ ನಡೆಯಲು ಕಲಿಯಬೇಕು. ಅವನನ್ನು ಒಂದು ಮಾತಿನಿಂದ ಕೆಡಹುವುದು ಸುಲಭ. ಆದುದರಿಂದ ‘ಅನುಕರಣ’ ಎಂದು ಬರೆಯುವ ವಿಮರ್ಶಕನು ಮೂರರಲ್ಲಿ ಅದು ಯಾವುದೆಂಬುದನ್ನು ಮೂಲವನ್ನು ತೋರಿಸಿ ಹೇಳಲಿ. ಹೇಳಲಾರದೆಡೆಯಲ್ಲಿ ಆ ಶಬ್ದವನ್ನು ಬಳಸದಿರಲಿ.