ರೈತ ದಂಗೆ ಎಂದರೆ ಮುಗಿಯಿತೆ?

1837ರ ಅಮರಸುಳ್ಯ ಬಂಡಾಯವನ್ನು ತೆರಿಗೆಯ ವಿರುದ್ಧ ಎದ್ದ ರೈತರ ಸ್ವಾತಂತ್ರ್ಯ ಸಮರವೆಂದು ಹಾಡಿ ಹೊಗಳುವುದು ಈಗ ರೂಢಿ. 'ಕಲ್ಯಾಣಪ್ಪನ ಕಾಟಕಾಯಿ' ಎಂದು ಮೂಗು ಮುರಿಯುವುದಕ್ಕಿಂತ ಇದು ಎಷ್ಟೋ ವಾಸಿ. ನಿರಂಜನರ 'ಕಲ್ಯಾಣಸ್ವಾಮಿ' ಕಾದಂಬರಿ ಓದಿದ ನನಗೂ ಆ ಬಂಡಾಯದ ಮೇಲೆ ಅಭಿಮಾನವಿದೆ. ಆದರೂ ಎಲ್ಲವನ್ನೂ ತೆರಿಗೆಯ ತಲೆಗೆ ಕಟ್ಟುವ ವಾದವನ್ನು ನಾನು ಒಪ್ಪಲಾರೆ.

1834ರಲ್ಲಿ ಕೊಡಗನ್ನು ನುಂಗಿದ ಈಸ್ಟ್ ಇಂಡಿಯಾ ಕಂಪನಿ ಅಮರಸುಳ್ಯ, ಪುತ್ತೂರು ಸೀಮೆಯನ್ನು ಕೆನರಾಕ್ಕೆ ಸೇರಿಸಿ, ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಪೆಟ್ಟು ನಿಜ. ಆದರೆ ಅದು ಮೊದಲು ಬಿದ್ದದ್ದು ಸರ್ಕಾರಕ್ಕೆ ಕಂದಾಯ ಕಟ್ಟುವ ವರ್ಗದಾರರ ಮೇಲೆ, ಅವರಿಗೆ ಗೇಣಿ ಅಳೆಯುವ ಒಕ್ಕಲುಗಳ ಮೇಲಲ್ಲ. ಜಗಳ ಬರೀ ನಗದಿನದ್ದಾಗಿದ್ದರೆ, ಬಂಡಾಯದ ಮುಂದಾಳು ಕೆದಂಬಾಡಿ ರಾಮಯ್ಯಗೌಡರು ಜಂಗಮನೊಬ್ಬನನ್ನು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಕೊಡಗಿನ ಹಾಲೇರಿ ಗದ್ದುಗೆಯ ವಾರಸುದಾರನೆಂದು ಮುಂದೆ ನಿಲ್ಲಿಸಿದ್ದೇಕೆ? ನಂದಾವರದ ಅರಸು ಮನೆತನದ ಲಕ್ಷ್ಮಪ್ಪ ಬಂಗರಸ ಯಾವ ಗೇಣಿಯ ನೋವಿಗೆ ನೇಣಿಗೇರಿದ? ಇವರು ಮರಳಿ ಕೇಳುತ್ತಿದ್ದುದು ಕಳೆದುಹೋದ ಸ್ಥಾನಮಾನವನ್ನು.

ಸ್ಥಾನಮಾನದ ಮಾತು ಬಂದಾಗ ಮಂಗೋಲರು ಆಳಿದ ಚೀನಾ ನೆನಪಾಗುತ್ತದೆ; ಅದರ ಕಥೆಯನ್ನೂ ಹೀಗೆಯೇ ಅತಿ ಸರಳವಾಗಿ ಹೇಳಲಾಗಿದೆ. ಮಂಗೋಲರು, ಪಶ್ಚಿಮದಿಂದ ಬಂದವರು, ಉತ್ತರದ ಚೀನೀಯರು, ಕೊನೆಗೆ ಸೋತ ದಕ್ಷಿಣದವರು: ಈ ನಾಲ್ಕು ದರ್ಜೆಗಳು ಕುಬ್ಲಾಯಿ ಖಾನನ ಕಟ್ಟಳೆ ಎಂದು ನಾವು ಓದಿದ್ದೇವೆ. ಅಂಥ ಒಂದು ಫರ್ಮಾನು ಸಿಕ್ಕಿಯೇ ಇಲ್ಲ. ತಾರತಮ್ಯ ಬಂದದ್ದು ಬಿಡಿಬಿಡಿಯಾಗಿ: ಹುದ್ದೆಯಲ್ಲಿ, ಶಿಕ್ಷೆಯಲ್ಲಿ, ಅಧಿಕಾರಿಗಳ ಆಯ್ಕೆಗೆ ನಡೆದ 1315ರ ಪರೀಕ್ಷೆಯ ಪಾಲಿನಲ್ಲಿ, ಆಯುಧದ ಹಕ್ಕಿನಲ್ಲಿ. ಮೊದಲೇ ಶರಣಾದವನಿಗೆ ಮೇಲಿನ ಮಣೆ.

ಕಂಪನಿಯೂ ಮಣೆ ಹಾಕಿದ್ದು ಹೀಗೆಯೇ. ಕೊಡಗಿನಲ್ಲಿದ್ದ ಅದರ ದಿವಾನರಲ್ಲಿ ಪೊನ್ನಪ್ಪ, ಬೋಪು ನಂಬಿಕಸ್ಥರಾಗಿ ಉಳಿದರು. ಅಮರಸುಳ್ಯ ಮೂಲದ ಲಕ್ಷ್ಮೀನಾರಾಯಣಯ್ಯ ಸಂಶಯಕ್ಕೆ ಸಿಕ್ಕಿ ಸೆರೆಮನೆ ಸೇರಿದರು. ನಿಷ್ಠೆ ತೋರಿದ ಕೊಡವರಿಗೆ ಚಿನ್ನ, ಬೆಳ್ಳಿಯ ಪದಕ. ಬಂಡಾಯದಲ್ಲಿದ್ದ ಗುಡ್ಡೆಮನೆ ಅಪ್ಪಯ್ಯಗೌಡರಿಗೆ ಮಡಿಕೇರಿಯಲ್ಲಿ ನೇಣು. ಇದನ್ನು ಕೊಡವ-ಗೌಡ ವೈರವೆಂದು ಓದುವವರಿದ್ದಾರೆ. ಅದೂ ಅರೆಬೆಂದ ಓದು. 1861ರಲ್ಲಿ ಕೊಡವರಿಗೆ ಸಿಕ್ಕ ಕೋವಿ ಪರವಾನಗಿಯ ವಿನಾಯಿತಿ ಇಂದು ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿಯ ಗೌಡರಿಗೂ ಇದೆ. ಘಟ್ಟದ ಕೆಳಗೆ ಅದೇ ಅರೆಭಾಷೆ ಆಡುವ ಸುಳ್ಯದ ಗೌಡರಿಗಿಲ್ಲ. ಜಾತಿಯೊಂದೇ ಕಾರಣವಾಗಿದ್ದರೆ ಈ ಗೆರೆ ಘಟ್ಟದ ಅಂಚಿನಲ್ಲಿ ಬೀಳುತ್ತಿರಲಿಲ್ಲ. ಅದನ್ನು ಎಳೆದದ್ದು 1834ರ ಆಡಳಿತ. ಘಟ್ಟದ ಕೆಳಗಿನ ಈಶ್ವರಮಂಗಲದ ಅಡಿಕೆ ಕೃಷಿಕ ಕೋವಿಗೆ ಇಂದಿಗೂ ಅರ್ಜಿ ಹಾಕಬೇಕು. ಕೊಡಗಿನ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಇನ್ನೂ ಹತ್ತು ವರ್ಷ, 2029ರವರೆಗೆ ವಿಸ್ತರಿಸಿದೆ.